ಮುಖಪುಟದಲ್ಲಿ ಬೇರೆ ಬಣ್ಣದ ಮಗು ಇದ್ದರೆ ಸಾಕೇ?

ಪ್ರಶ್ನೆ: ಮಗಳಿಗೆ ಬೇರೆ ಬೇರೆ ಸಂಸ್ಕೃತಿಗಳ ಕಥೆಪುಸ್ತಕ ಕೊಡಿಸಬೇಕು ಅಂತಿದ್ದೇನೆ. ನನಗೇ ಪರಿಚಯವಿಲ್ಲದ ಜನರ ಬಗ್ಗೆ ಬರೆದ ಪುಸ್ತಕ ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಉತ್ತರ: ಮೊದಲು ಪುಸ್ತಕವನ್ನು ನೀವೇ ಪೂರ್ತಿ ಓದಿ. ಆ ಜನರ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಒಂದು ವಿಷಯ ಕಂಡೇ ಕಾಣುತ್ತದೆ. ಕಥೆಯಲ್ಲಿ ತೊಂದರೆ ಬಂದಾಗ ದಾರಿ ಹುಡುಕುವವರು ಯಾರು? ಮುಖಪುಟದ ಮಗುವೇ ಯೋಚಿಸಿ, ಹಟ ಹಿಡಿದು, ಎಡವಿ, ಕೊನೆಗೆ ದಾರಿ ಕಂಡುಕೊಂಡರೆ ಅದು ಆ ಮಗುವಿನ ಕಥೆ. ಹೊರಗಿನವರು ಯಾರೋ ಕನಿಕರದಿಂದ ಬಂದು ಎಲ್ಲ ಸರಿಮಾಡಿದರೆ ಮಗು ಅಲ್ಲಿ ನೆಪಕ್ಕೆ ಮಾತ್ರ.

ಇನ್ನೊಂದು ಬಗೆಯ ಕಥೆ ನನಗೆ ಇದಕ್ಕಿಂತ ಜಾಸ್ತಿ ಬೇಸರ ತರಿಸುತ್ತದೆ. ಬೇರೆ ಬಣ್ಣದ, ಬೇರೆ ಭಾಷೆಯ ಮಗುವನ್ನು ಎಲ್ಲರೂ ದೂರ ಇಡುತ್ತಾರೆ. ಅದು ತಂಡಕ್ಕೆ ಪಂದ್ಯ ಗೆದ್ದುಕೊಡುತ್ತದೆ, ಇಲ್ಲವೇ ಯಾರದೋ ಜೀವ ಉಳಿಸುತ್ತದೆ. ತಕ್ಷಣ ಎಲ್ಲರೂ ಸ್ನೇಹಿತರಾಗುತ್ತಾರೆ. ಮೇಲ್ನೋಟಕ್ಕೆ ಚೆಂದದ ಕಥೆಯೇ. ಆದರೆ ಉಳಿದವರಿಗೆ ತಾನಾಗಿ ಸಿಗುವ ಸ್ನೇಹವನ್ನು ಈ ಮಗು ಮಾತ್ರ ಸಾಹಸ ಮಾಡಿ ಗಳಿಸಬೇಕು ಅಂತ ಹೇಳಿದ ಹಾಗಾಯಿತು, ಅಲ್ವಾ? ಇಂಥ ಪುಸ್ತಕವನ್ನು ನಾನಂತೂ ಕೆಳಗಿಡುತ್ತೇನೆ.

ಆಮೇಲೆ ವಿವರಗಳನ್ನು ನೋಡಿ. ಆಫ್ರಿಕಾದಲ್ಲಿ 54 ದೇಶಗಳಿವೆ. ಸುಮ್ನೆ ‘ಆಫ್ರಿಕಾದ ಕಥೆ’ ಎನ್ನುವ ಪುಸ್ತಕಕ್ಕಿಂತ, ಅನಾನ್ಸಿ ಎಂಬ ಜೇಡದ ಕಥೆಗಳು ಮೂಲತಃ ಘಾನಾದ ಅಕಾನ್ ಜನರವು ಎಂದು ತಿಳಿಸುವ ಪುಸ್ತಕ ಮೇಲು. ಚಿತ್ರಗಳಲ್ಲಿ ಆ ಜನರಿಗೆಲ್ಲ ಒಂದೇ ಮುಖ ಇದೆಯೇ, ಅದನ್ನೂ ಗಮನಿಸಿ.

ಹಬ್ಬ ಮತ್ತು ಉಡುಪಿನ ಪುಸ್ತಕಗಳು ಬೇಡ ಅನ್ನುತ್ತಿಲ್ಲ. ಬರೀ ಅವೇ ಆದರೆ ಆ ಜನ ವರ್ಷವಿಡೀ ಹಬ್ಬವನ್ನೇ ಮಾಡುತ್ತಾರೆ ಅಂತ ಮಗು ತಿಳಿಯುತ್ತದೆ. ದಿನನಿತ್ಯದ ಕಥೆಗಳೂ ಬೇಕು. 1962ರ ‘ದಿ ಸ್ನೋಯಿ ಡೇ’ ಪುಸ್ತಕದಲ್ಲಿ ಪೀಟರ್ ಎಂಬ ಕಪ್ಪು ಹುಡುಗ ಹಿಮದಲ್ಲಿ ಆಡುತ್ತಾನೆ, ಅಷ್ಟೇ. ಅವನ ಬಣ್ಣದ ಬಗ್ಗೆ ಒಂದು ಮಾತೂ ಇಲ್ಲ. ಮರುವರ್ಷ ಅದರ ಚಿತ್ರಗಳಿಗೆ ಅಮೆರಿಕದ ಕಾಲ್ಡೆಕಾಟ್ ಪದಕ ಬಂತು.

ಅದನ್ನು ಬರೆದು ಚಿತ್ರಿಸಿದ ಎಜ್ರಾ ಜ್ಯಾಕ್ ಕೀಟ್ಸ್ ಬಿಳಿಯರು. ಹಾಗಾಗಿ ಲೇಖಕರ ಹುಟ್ಟನ್ನೊಂದೇ ನೋಡಿ ತೀರ್ಮಾನಿಸಲು ಆಗದು. ಹಾಗಂತ ಅದನ್ನು ಕಡೆಗಣಿಸುವುದೂ ಸರಿಯಲ್ಲ. 1985ರಲ್ಲಿ ಅಮೆರಿಕದಲ್ಲಿ ಬಂದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಲೇಖಕರದೋ ಕಲಾವಿದರದೋ ಆಗಿದ್ದವು ಬರೀ 18. ಇದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದ ಲೆಕ್ಕ. ತಮ್ಮ ಕಥೆ ತಾವೇ ಹೇಳಲು ಜಾಗ ಸಿಗದವರು ಎಷ್ಟೋ ಮಂದಿ. ಪುಸ್ತಕದ ಕೊನೆಯ ಲೇಖಕರ ಪರಿಚಯ ಓದಿ. ಹೊರಗಿನವರು ಬರೆದಿದ್ದರೆ, ಆ ಜನರೊಂದಿಗೆ ಕೂತು ಕೇಳಿ ಬರೆದಿದ್ದಾರೆಯೇ ಎಂಬುದು ಬಹಳ ಸಲ ಅಲ್ಲೇ ಗೊತ್ತಾಗುತ್ತದೆ.

ಮಕ್ಕಳಿಗೆ ಪುಸ್ತಕ ತಮ್ಮನ್ನೇ ಕಾಣುವ ಕನ್ನಡಿಯೂ ಆಗಬೇಕು, ಬೇರೆಯವರ ಬದುಕನ್ನು ಕಾಣುವ ಕಿಟಕಿಯೂ ಆಗಬೇಕು ಎಂದು ಅಮೆರಿಕದ ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ಎಲ್ಲ ಪುಸ್ತಕದಲ್ಲೂ ತನ್ನಂಥವರನ್ನೇ ಕಾಣುವ ಮಗುವಿಗೆ ಲೋಕದಲ್ಲಿ ತಾನೇ ದೊಡ್ಡವನು ಅನ್ನಿಸಿಬಿಡುತ್ತದೆ ಎಂಬುದು ಅವರ ಆತಂಕವಾಗಿತ್ತು. ಹಾಗಂತ ನಿಮ್ಮ ಮಗಳಂಥ ಹುಡುಗಿಯರ ಕಥೆಗಳನ್ನು ಬಿಟ್ಟು ಬರೀ ದೂರದವರ ಕಥೆ ತರಬೇಡಿ. ಎರಡೂ ಇರಲಿ.

ಇನ್ನು ಎಷ್ಟು ಪುಸ್ತಕ? ಹತ್ತು ದೇಶಗಳಿಗೆ ಒಂದೊಂದರಂತೆ ಕೊಳ್ಳುವ ಬದಲು ಒಂದೇ ಜನರ ಬಗ್ಗೆ ಮೂರು ಬೇರೆ ಬೇರೆ ಪುಸ್ತಕ ತನ್ನಿ. ಒಂದರಲ್ಲಿ ನಗರದ ಮನೆ, ಇನ್ನೊಂದರಲ್ಲಿ ಹಳ್ಳಿ, ಮತ್ತೊಂದು ನಗಿಸುವ ಕಥೆ. ಓದಿ ಮುಗಿದ ಮೇಲೆ ‘ಏನು ಕಲಿತೆ?’ ಎಂದು ಕೇಳಬೇಡಿ. ಮತ್ತೆ ಯಾವುದನ್ನು ಓದಬೇಕೆಂದು ಅವಳೇ ಆರಿಸಲಿ.