ಲಸಿಕೆಗೆ ಅಲ್ಯೂಮಿನಿಯಂ ಯಾಕೆ ಬೆರೆಸುತ್ತಾರೆ?

ಪ್ರಶ್ನೆ: ಮಗುವಿಗೆ ಹಾಕಿಸಿದ ಪೆಂಟಾವೇಲೆಂಟ್ ಲಸಿಕೆಯಲ್ಲಿ ಅಲ್ಯೂಮಿನಿಯಂ ಇರುತ್ತದಂತೆ. ರೋಗಾಣುವಿನ ಅಂಶವೊಂದೇ ಸಾಲದೇ?

ಉತ್ತರ: ಸಾಲದು. ಶುದ್ಧೀಕರಿಸಿದ ಪ್ರೋಟೀನನ್ನು ಬರಿದೇ ಚುಚ್ಚಿದರೆ ದೇಹ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಂದದ್ದು ಹೊರಗಿನದು ಎಂದು ಗೊತ್ತಾದರಷ್ಟೇ ಆಗದು, ಅಪಾಯವಿದೆ ಎಂಬ ಸುಳಿವೂ ರಕ್ಷಣಾ ಕೋಶಗಳಿಗೆ ಸಿಗಬೇಕು. ಆ ಸುಳಿವು ಕೊಡಲು ಬೆರೆಸುವ ಪದಾರ್ಥವೇ ಅಡ್ಜುವೆಂಟ್. ಅಲ್ಯೂಮಿನಿಯಂ ಅಂಥದ್ದೊಂದು. ದಡಾರ-ರುಬೆಲ್ಲಾ, ಬಿಸಿಜಿಯಂಥ ಜೀವಂತ ಲಸಿಕೆಗಳಿಗೆ ಇದರ ಹಂಗಿಲ್ಲ. ಅವುಗಳಲ್ಲಿರುವ ದುರ್ಬಲಗೊಳಿಸಿದ ರೋಗಾಣುವೇ ಸುಳಿವನ್ನೂ ಹೊತ್ತು ತರುತ್ತದೆ.

ಇದು ಗಮನಕ್ಕೆ ಬಂದದ್ದು ಕುದುರೆಗಳಲ್ಲಿ. 1920ರ ದಶಕದಲ್ಲಿ ಫ್ರಾನ್ಸಿನ ಗ್ಯಾಸ್ಟನ್ ರಾಮೋನ್ ಡಿಫ್ತೀರಿಯಾಕ್ಕೆ ಪ್ರತಿವಿಷ ಪಡೆಯಲು ಕುದುರೆಗಳಿಗೆ ಇಂಜೆಕ್ಷನ್ ಕೊಡುತ್ತಿದ್ದರು. ಚುಚ್ಚಿದ ಜಾಗ ಬಾತು ಕೀವುಗಟ್ಟಿದ ಕುದುರೆಗಳಲ್ಲೇ ಪ್ರತಿವಿಷ ಹೆಚ್ಚು! ಹಾಗಾದರೆ ಬೇಕೆಂದೇ ಬಾವು ಬರಿಸೋಣವೆಂದು ಅವರು ಮರಗೆಣಸಿನ ಪಿಷ್ಟ, ಬ್ರೆಡ್ಡಿನ ಪುಡಿಯನ್ನೆಲ್ಲ ಬೆರೆಸಿ ನೋಡಿದರು. ಫಲ ಸಿಕ್ಕಿತು. 1926ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಗ್ಲೆನ್ನಿ ತಂಡ ಅಲ್ಯೂಮಿನಿಯಂನ ಲವಣವಾದ ಪಟಿಕದಿಂದ ಅದನ್ನೇ ಸಾಧಿಸಿತು. ಅಲ್ಯೂಮಿನಿಯಂ ಲವಣಗಳು ಅಂದಿನಿಂದ ಲಸಿಕೆಗಳಲ್ಲಿವೆ.

ಸುಳಿವನ್ನು ಮೊದಲು ಹಿಡಿಯುವುದು ಡೆಂಡ್ರಿಟಿಕ್ ಕೋಶ ಎಂಬ ಕಾವಲು ಕೋಶ. ಬ್ಯಾಕ್ಟೀರಿಯಾದ ಗೋಡೆ, ವೈರಸ್ಸಿನ ಆರ್‌ಎನ್‌ಎ ಇಂಥವನ್ನು ಗುರುತಿಸುವ ಟಿಎಲ್ಆರ್ ಎಂಬ ಗ್ರಾಹಕಗಳು ಅದರಲ್ಲಿವೆ. ಗ್ರಾಹಕ ಕೆರಳಿತೆಂದರೆ ಕೋಶ ತಾನು ನುಂಗಿದ ಪ್ರೋಟೀನನ್ನು ತುಂಡರಿಸಿ, ತುಣುಕುಗಳನ್ನು ಮೈಮೇಲೆ ಇಟ್ಟುಕೊಂಡು ಹತ್ತಿರದ ದುಗ್ಧರಸ ಗ್ರಂಥಿಗೆ ಹೋಗಿ ಟಿ ಕೋಶಗಳಿಗೆ ತೋರಿಸುತ್ತದೆ. ಜೊತೆಗೆ ಎಚ್ಚರಿಕೆಯ ರಾಸಾಯನಿಕಗಳನ್ನೂ ಸುರಿಸುತ್ತದೆ. ಎಚ್ಚೆತ್ತ ಟಿ ಕೋಶಗಳ ನೆರವಿನಿಂದ ಬಿ ಕೋಶಗಳು ಪ್ರತಿಕಾಯ ತಯಾರಿಸುತ್ತವೆ. 2011ರ ವೈದ್ಯಕೀಯ ನೊಬೆಲ್ ಸಂದದ್ದು ಈ ಕೋಶ ಮತ್ತು ಗ್ರಾಹಕಗಳ ಕೆಲಸವನ್ನು ಬಿಡಿಸಿಟ್ಟವರಿಗೆ.

ಗ್ರಾಹಕದ ಗುಟ್ಟು ತಿಳಿದ ಮೇಲೆ ಅದನ್ನೇ ಕೆರಳಿಸುವ ಅಣುಗಳನ್ನು ತಯಾರಿಸಲು ಸಾಧ್ಯವಾಯಿತು. ಕೊವ್ಯಾಕ್ಸಿನ್‌ನಲ್ಲಿ ಇದ್ದದ್ದು ಬರೀ ಅಲ್ಯೂಮಿನಿಯಂ ಅಲ್ಲ. ಅದಕ್ಕೆ ಅಂಟಿಸಿದ, ಟಿಎಲ್ಆರ್ 7 ಮತ್ತು 8ನ್ನು ಕೆರಳಿಸುವ ಅಣುವೂ ಇತ್ತು. ಕೋಶದ ಪಾಲಿಗೆ ಅದು ವೈರಸ್ಸಿನ ಆರ್‌ಎನ್‌ಎ ಬಂದಷ್ಟೇ ಗಂಭೀರ. ಅದರ ದಾಯಾದಿ ಇಮಿಕ್ವಿಮಾಡ್ ಅನ್ನು ಲಸಿಕೆಯ ಗೊಡವೆಯಿಲ್ಲದೆ, ಜನನಾಂಗದ ನರುಳ್ಳೆಗೆ ಹಚ್ಚುವ ಕ್ರೀಮಾಗಿಯೇ ಬಳಸುತ್ತಾರೆ.

ಇದನ್ನು ಓದಿ ಅಂಗಡಿಯ ‘ಇಮ್ಯುನಿಟಿ’ ಸಿರಪ್ಪಿಗೆ ಕೈಹಾಕಬೇಡಿ. ಅಡ್ಜುವೆಂಟಿನ ಕೆಲಸ ಚುಚ್ಚಿದ ಜಾಗದಲ್ಲಿ, ಕೆಲವೇ ದಿನ, ಒಂದು ಗೊತ್ತಾದ ಗುರಿಯ ವಿರುದ್ಧ. ಮಗುವಿನ ತೊಡೆ ಕೆಂಪಾಗಿ ನೋಯುವುದಕ್ಕೆ, ಸಣ್ಣ ಜ್ವರ ಬರುವುದಕ್ಕೆ ಅದೂ ಒಂದು ಕಾರಣ. ಪೆಂಟಾವೇಲೆಂಟ್‌ನ ಒಂದು ಡೋಸಿನಲ್ಲಿ ಇರುವ ಅಲ್ಯೂಮಿನಿಯಂ 1.25 ಮಿಲಿಗ್ರಾಂ ಮೀರುವುದಿಲ್ಲ. ಮೂತ್ರಪಿಂಡಗಳು ಅದನ್ನು ನಿಧಾನವಾಗಿ ಹೊರಹಾಕುತ್ತವೆ.

ಅದನ್ನು ಕಣ್ಣಾರೆ ನೋಡಬೇಕೆ? ಸಿರಿಂಜಿಗೆ ಎಳೆಯುವ ಮುನ್ನ ನರ್ಸಮ್ಮ ಬಾಟಲಿ ಕುಲುಕುತ್ತಾರಲ್ಲ, ಆಗ ತಳದಿಂದೆದ್ದು ಮಬ್ಬಾಗುವ ಬಿಳಿ ಪದಾರ್ಥವೇ ಅದು. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಬಿಟ್ಟರೆ ಅದರ ಕಣಗಳು ಒಂದಕ್ಕೊಂದು ಅಂಟಿ, ಕುಲುಕಿದ ಮೇಲೂ ಬೇಗ ತಳ ಸೇರುತ್ತವೆ. ಅಂಥ ಬಾಟಲಿಯನ್ನು ಬಳಸದೆ ಎಸೆಯುತ್ತಾರೆ.