ಪದ ಪರಿಚಯ: ಏರ್ ತೆಗೆಯುವುದು

ಹಳೆಯ ಪಿಕಪ್ ಒಂದನ್ನು ಹುಬ್ಬಳ್ಳಿಯ ಗ್ಯಾರೇಜಿಗೆ ಒಯ್ದು "ಬ್ರೇಕ್ ಮೆತ್ತಗಾಗೈತ್ರಿ, ಪೆಡಲ್ ಕೆಳಗ ಹೊಂಟೈತಿ" ಅಂದರೆ ಮಿಸ್ತ್ರಿ ಬಾಯಿಂದ ಬರುವ ಮೊದಲ ಮಾತು ಬಹುಪಾಲು ಒಂದೇ: "ಏರ್ ಹಿಡದೈತ್ರಿ, ತಗದ್ ಕೊಡ್ತೀನಿ ತಗೋರಿ." ಎಷ್ಟೋ ಸಲ ಅದು ಸರಿಯೇ. ಆದರೆ ಪೆಡಲ್ ಮೆತ್ತಗಾಗುವುದಕ್ಕೆಲ್ಲ ಏರೇ ಕಾರಣ ಅಲ್ಲ. ಏರೇ ಕಾರಣ ಅಂತಿಟ್ಟುಕೊಂಡರೂ ಅದು ಎಲ್ಲಿಂದ ಒಳಗೆ ಹೋಯಿತು ಎಂದು ಯಾರೂ ಹುಡುಕದಿದ್ದರೆ ಗಾಡಿ ಮತ್ತೆ ಅದೇ ಗ್ಯಾರೇಜಿನ ಮುಂದೆ ನಿಲ್ಲುತ್ತದೆ.

ಏರ್ ತೆಗೆಯುವುದು ಅಂದರೆ ಬ್ರೇಕ್ ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಆಯಿಲ್ ಜೊತೆ ಹೊರಗೆ ಹಾಕುವುದು. ಕಂಪನಿ ಪುಸ್ತಕದಲ್ಲಿ ಇದೇ ಬ್ಲೀಡಿಂಗ್. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದೆ ಸರಿದು ಆಯಿಲನ್ನು ಒತ್ತುತ್ತದೆ. ಆ ಒತ್ತಡ ಪೈಪಿನ ಮೂಲಕ ನಾಲ್ಕೂ ಗಾಲಿಗೆ ಹೋಗುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಹೆಚ್ಚಿನ ಪಿಕಪ್‌ಗಳಲ್ಲಿ ಇದೇ ಏರ್ಪಾಡು. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ನೀರು ತುಂಬಿ, ತುದಿಗೆ ಬೆರಳಿಟ್ಟು ಒತ್ತಿ ನೋಡಿ. ಅಲ್ಲಾಡುವುದಿಲ್ಲ. ನೀರು ಚೆಲ್ಲಿ ಬರೀ ಗಾಳಿ ಇಟ್ಟು ಒತ್ತಿ. ಒಳಗೆ ಹೋಗಿ ಮತ್ತೆ ಹಿಂದಕ್ಕೆ ಪುಟಿಯುತ್ತದೆ. ಮಾಸ್ಟರ್ ಸಿಲಿಂಡರ್ ಒಂದು ತುಳಿತಕ್ಕೆ ತಳ್ಳುವ ಆಯಿಲೇ ಸ್ವಲ್ಪ. ಅದರಲ್ಲಿ ಒಂದಿಷ್ಟು ಗಾಳಿ ಕುಗ್ಗಿಸುವುದಕ್ಕೇ ಖರ್ಚಾದರೆ ಗಾಲಿಗೆ ಸಿಗುವುದೇನು?

ಇಲ್ಲಿ ಲಾರಿಯ ಏರ್ ಬ್ರೇಕ್ ನೆನಪಾಗಿ ಕೆಲವರಿಗೆ ಗೊಂದಲ ಆಗುತ್ತದೆ. ದೊಡ್ಡ ಲಾರಿ, ಬಸ್ಸುಗಳಲ್ಲಿ ಟ್ಯಾಂಕಿನಲ್ಲಿ ತುಂಬಿಟ್ಟ ಗಾಳಿಯಿಂದಲೇ ಬ್ರೇಕ್ ಕೆಲಸ ಮಾಡುತ್ತದೆ. ಅಲ್ಲಿ ಏರ್ ಇಳಿದರೆ ತೊಂದರೆ. ಪಿಕಪ್‌ನಲ್ಲಿ ಏರ್ ಇದ್ದರೆ ತೊಂದರೆ. ಎರಡೂ ಬೇರೆಬೇರೆ ವ್ಯವಸ್ಥೆ.

ಸರಿ, ಪೆಡಲ್ ಮೆತ್ತಗಾಗಿದೆ. ಪಾನಾ ಹಿಡಿಯುವ ಮೊದಲು ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಕಾಲಿನಿಂದಲೇ ಪರೀಕ್ಷೆ ಮಾಡಬೇಕು. ಬಹಳ ಜನ ಬಿಟ್ಟುಬಿಡುವ ಕೆಲಸ ಇದು. ನನ್ನ ಕೇಳಿದರೆ ಅರ್ಧ ರಿಪೇರಿ ಇಲ್ಲೇ ಮುಗಿಯುತ್ತದೆ. ತುಳಿದಾಗ ಸ್ಪಂಜಿನ ಹಾಗೆ ಪುಟಿದರೆ, ಬೇಗಬೇಗ ನಾಲ್ಕು ಸಲ ತುಳಿದಾಗ ಸ್ವಲ್ಪ ಮೇಲೆ ಬಂದರೂ ಆ ಪುಟಿತ ಹೋಗದಿದ್ದರೆ, ಆಗ ಏರ್ ಎಂಬ ಅನುಮಾನ ಗಟ್ಟಿ. ಪೆಡಲ್ ತುಂಬ ಕೆಳಗೆ ಹೋಗಿ, ಎರಡನೇ ತುಳಿತಕ್ಕೆ ಮೇಲೆ ಬಂದು ಕಲ್ಲಿನ ಹಾಗೆ ನಿಂತರೆ ಏರನ್ನು ಬಯ್ಯಬೇಡಿ. ಹಿಂದಿನ ಡ್ರಮ್ಮಿಗೆ ಒಳಗಿನಿಂದ ಒತ್ತುವ ಶೂಗಳ ಮೇಲಿನ ಲೈನರ್ ಸವೆದು, ಶೂ ಡ್ರಮ್ಮಿನಿಂದ ದೂರ ಹೋಗಿರುತ್ತದೆ. ಅಡ್ಜಸ್ಟ್ ಮಾಡಿದರೆ ಪೆಡಲ್ ಮೇಲೆ ಬರುತ್ತದೆ. ಒಂದು ಹನಿ ಆಯಿಲ್ ಹೊರಗೆ ತೆಗೆಯುವ ಅಗತ್ಯ ಇಲ್ಲ.

ಮೂರನೆಯದು ಅಪಾಯದ್ದು. ಪೆಡಲ್ ಮೊದಲು ಗಟ್ಟಿ ಸಿಗುತ್ತದೆ. ಒಂದೇ ಸಮ ಒತ್ತಿ ಹಿಡಿದರೆ ಮೆಲ್ಲಗೆ ನೆಲದ ಕಡೆ ಇಳಿಯುತ್ತಾ ಹೋಗುತ್ತದೆ. ಮಾಸ್ಟರ್ ಸಿಲಿಂಡರಿನ ಮೇಲಿರುವ ಆಯಿಲ್ ಡಬ್ಬಿಯಲ್ಲಿ ಆಯಿಲ್ ಕಮ್ಮಿ ಆಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಆಯಿಲ್ ಹಾಗೇ ಇದ್ದೂ ಪೆಡಲ್ ಇಳಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೋತಿದೆ, ಆಯಿಲ್ ಪಿಸ್ಟನ್ನಿನ ಪಕ್ಕದಿಂದಲೇ ನುಸುಳುತ್ತಿದೆ. ಇಂಥ ಗಾಡಿಗೆ ಎಷ್ಟು ಸಲ ಏರ್ ತೆಗೆದರೂ ಅಷ್ಟೇ. ಅದನ್ನು ಓಡಿಸಬಾರದು, ಟೋಯಿಂಗ್ ಮಾಡಿಸಿಯೇ ಗ್ಯಾರೇಜಿಗೆ ತರಬೇಕು. ಅಂದಹಾಗೆ, ಪೆಡಲ್ ಒತ್ತಿಕೊಂಡು ಇಂಜಿನ್ ಚಾಲೂ ಮಾಡಿದಾಗ ಅದು ತುಸು ಕೆಳಗೆ ಹೋಗುವುದು ದೋಷ ಅಲ್ಲ. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಬೂಸ್ಟರ್ ಕೆಟ್ಟರೆ ಪೆಡಲ್ ಮೆತ್ತಗಾಗುವುದಿಲ್ಲ, ಬಿಗಿಯಾಗುತ್ತದೆ.

ಏರ್ ತಾನಾಗಿ ಹುಟ್ಟುವುದಿಲ್ಲ. ಪೈಪೋ ಸಿಲಿಂಡರೋ ಬಿಚ್ಚಿ ಹಾಕಿದಾಗ ಬರುತ್ತದೆ. ಡಬ್ಬಿ ಖಾಲಿಯಾದಾಗ ಬರುತ್ತದೆ. ಹಿಂದಿನ ವೀಲ್ ಸಿಲಿಂಡರ್, ಅಂದರೆ ಡ್ರಮ್ಮಿನೊಳಗೆ ಶೂ ತಳ್ಳುವ ಚಿಕ್ಕ ಸಿಲಿಂಡರ್, ಸೋರುತ್ತಿದ್ದರೂ ಬರುತ್ತದೆ. ಹೊಲದ ಎರೆ ಮಣ್ಣಿನ ರಾಡಿಯಲ್ಲಿ ಓಡಾಡುವ ಗಾಡಿಗಳಲ್ಲಿ ಗಾಲಿಯ ಒಳಬದಿ ಒದ್ದೆಯಾಗಿದ್ದರೂ ಮಣ್ಣಿನಲ್ಲಿ ಮುಚ್ಚಿಹೋಗಿ ಕಾಣುವುದಿಲ್ಲ. ಡ್ರಮ್ ಬಿಚ್ಚಿ, ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ಬಗೆ ಇದೆ, ಅದು ಏರ್ ಅಲ್ಲ, ಆವಿ. ಡಾಟ್ 3, ಡಾಟ್ 4 ದರ್ಜೆಯ (ಬಾಟಲಿಯ ಮೇಲೆ DOT ಎಂದಿರುತ್ತದೆ) ಬ್ರೇಕ್ ಆಯಿಲ್‌ಗಳು ನಿಧಾನವಾಗಿ ತೇವ ಹೀರಿಕೊಳ್ಳುತ್ತವೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ 140 ಡಿಗ್ರಿ ಸಾಕು. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಹುಬ್ಬಳ್ಳಿ, ಗದಗ, ಹಾವೇರಿ ನಡುವಿನ ಬಯಲು ದಾರಿಯಲ್ಲಿ ಓಡುವ ಗಾಡಿಗೆ ಈ ಹಳೇ ಆಯಿಲ್ ವರ್ಷಗಟ್ಟಲೆ ನಡೆದುಬಿಡುತ್ತದೆ. ಅದೇ ಗಾಡಿ ಅಮರಗೋಳದ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಹೇರಿಕೊಂಡು, ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು ಅಂಕೋಲಾ ಕಡೆ ಹೊರಟಿತು ಅನ್ನಿ. ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆ ಕಾಲು. ಬಿಸಿಗೆ ಕ್ಯಾಲಿಪರಿನೊಳಗಿನ (ಮುಂದಿನ ಡಿಸ್ಕನ್ನು ಹಿಡಿದು ಒತ್ತುವ ಭಾಗ) ಆಯಿಲ್ ಕುದಿದು ಆವಿಯಾದರೆ ಪೆಡಲ್ ಒಮ್ಮೆಲೇ ಹೋಗುತ್ತದೆ. ಕೆಳಗೆ ನಿಲ್ಲಿಸಿ ಚಾ ಕುಡಿಯುವಷ್ಟರಲ್ಲಿ ತಣ್ಣಗಾಗಿ ಪೆಡಲ್ ಮತ್ತೆ ಬರುತ್ತದೆ. ಗ್ಯಾರೇಜಿನಲ್ಲಿ ನೋಡಿದರೆ "ಏನೂ ಆಗಿಲ್ಲಲ್ರಿ ಅಣ್ಣಾರ" ಅನ್ನುತ್ತಾರೆ! ಇದಕ್ಕೆ ಮದ್ದು ಆಯಿಲ್ ಪೂರ್ತಿ ಬದಲಿಸುವುದು ಮತ್ತು ಘಾಟಿನಲ್ಲಿ ಕೆಳಗಿನ ಗೇರ್ ಹಾಕುವುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಮುಚ್ಚಳ ತೆರೆದು ಶೆಲ್ಫಿನಲ್ಲಿಟ್ಟ ಹಳೇ ಬಾಟಲಿಯದ್ದು ಬೇಡ. ಇಂಜಿನ್ ಆಯಿಲ್ ಒಂದು ಹನಿಯೂ ಸೇರಬಾರದು, ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ.

ಏರ್ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಗಾಲಿಯಿಂದ ಶುರು ಮಾಡುವುದು ರೂಢಿ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕೆ, ಆದ್ದರಿಂದ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಗಾಡಿಯ ಪುಸ್ತಕ ಬೇರೆ ಸರದಿ ಹೇಳಿದರೆ ಅದೇ ಸರಿ. ಗಾಲಿಯ ಬ್ರೇಕಿನಲ್ಲಿ ಏರ್ ಬಿಡಲು ಇರುವ ಚಿಕ್ಕ ತೂತಿನ ಸ್ಕ್ರೂ, ಅಂದರೆ ನಿಪ್ಪಲ್ಲಿಗೆ, ರಿಂಗ್ ಪಾನಾ ಹಾಕಿ, ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಳಗೆ ಕೂತವ "ತುಳಿದು ಹಿಡಿದೀನಿ" ಅಂದ ಮೇಲೆ ಕೆಳಗಿನವ ನಿಪ್ಪಲ್ ಸಡಿಲಿಸುತ್ತಾನೆ. ಗುಳ್ಳೆ ಸಮೇತ ಆಯಿಲ್ ಬರುತ್ತದೆ, ಪೆಡಲ್ ಇಳಿಯುತ್ತದೆ. ನಿಪ್ಪಲ್ ಬಿಗಿದು "ಬಿಡು" ಅಂದ ಮೇಲೆಯೇ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ಮತ್ತೆ ಒಳಗೆ. ಗುಳ್ಳೆ ನಿಲ್ಲುವವರೆಗೆ ಹೀಗೆ, ಡಬ್ಬಿಯ ಮೇಲೆ ಕಣ್ಣಿಟ್ಟುಕೊಂಡು. ಬಣ್ಣದ ಮೇಲೆ ಆಯಿಲ್ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಹಳೆಯ ಗಾಡಿಯಲ್ಲಿ ಪೆಡಲನ್ನು ನೆಲ ಮುಟ್ಟುವ ತನಕ ತುಳಿಯಬೇಡಿ. ದಿನವೂ ಪಿಸ್ಟನ್ ಓಡಾಡದ ಕೊನೆಯ ಭಾಗದಲ್ಲಿ ಸಿಲಿಂಡರ್ ತುಕ್ಕು ಹಿಡಿದಿರುತ್ತದೆ. ಅಲ್ಲಿಗೆ ಹೋದ ರಬ್ಬರ್ ಗೀರಿಕೊಂಡು ಹರಿಯುತ್ತದೆ. ಏರ್ ತೆಗೆಯಲು ಹೋಗಿ ಮಾಸ್ಟರ್ ಸಿಲಿಂಡರ್ ಕೆಡಿಸಿಕೊಳ್ಳುವುದು ಹೀಗೆ. ಪೆಡಲ್ ಕೆಳಗೆ ಒಂದು ಕಟ್ಟಿಗೆ ತುಂಡು ಇಟ್ಟರೆ ಸಾಕು.

ಇಷ್ಟಾದರೂ ಪೆಡಲ್ ಪುಟಿಯುತ್ತಿದ್ದರೆ ಕ್ಯಾಲಿಪರ್ ನೋಡಿ. ನಿಪ್ಪಲ್ ಮೇಲ್ತುದಿಯಲ್ಲಿರಬೇಕು. ರಿಪೇರಿಗೆ ಬಿಚ್ಚಿದಾಗ ಎಡದ್ದು ಬಲಕ್ಕೆ ಅದಲುಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆಯೇ ಉಳಿಯುತ್ತದೆ, ಬೆಳಗಿನಿಂದ ಸಂಜೆತನಕ ತುಳಿದರೂ ಬರುವುದಿಲ್ಲ. ಆಮೇಲೆ ಗಾಲಿ ಹತ್ತಿರದ ರಬ್ಬರ್ ಹೋಸ್ ಪೈಪ್‌ಗಳು. ಒಬ್ಬರು ಪೆಡಲ್ ತುಳಿಯುವಾಗ ಇನ್ನೊಬ್ಬರು ಕೈಯಲ್ಲಿ ಹಿಡಿದು ನೋಡಿ. ಪೈಪ್ ಬಲೂನಿನಂತೆ ಉಬ್ಬಿದರೆ ಒತ್ತಡ ಅಲ್ಲೇ ಹೋಗುತ್ತಿದೆ, ಪೈಪ್ ಬದಲಿಸಬೇಕು. ಕೊನೆಯದಾಗಿ, ಕೆಲವು ಪಿಕಪ್‌ಗಳಲ್ಲಿ ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚುಕಮ್ಮಿ ಮಾಡುವ ವಾಲ್ವ್ ಹಿಂದಿನ ಆಕ್ಸಲ್ ಮೇಲ್ಗಡೆ ಚಾಸಿಗೆ ಕೂತಿರುತ್ತದೆ. ಅದಕ್ಕೇ ಬೇರೆ ನಿಪ್ಪಲ್ ಇರುವ ಗಾಡಿಗಳಲ್ಲಿ ಅಲ್ಲಿಂದಲೂ ಏರ್ ತೆಗೆಯಬೇಕು.