ಸಿವಿಲ್ ಎಂಜಿನಿಯರಿಂಗ್ ಪದವಿ: ಭಾರದ ಜಾಡು, ನೀರಿನ ಜಾಡು

ಸಿವಿಲ್ ಓದುವವರಿಗೆ ಎದುರಾಗುವ ಮೊದಲ ಪ್ರಶ್ನೆ, 'ಹಾಗಾದರೆ ಮನೆ ಕಟ್ಟೋದು ಕಲೀತೀಯಾ?' ಎಂಬುದು. ಇದಕ್ಕೆ ನೇರವಾಗಿ ಹೌದು ಎನ್ನುವುದು ಕಷ್ಟ. ಇಟ್ಟಿಗೆ ಜೋಡಿಸುವುದು ಮೇಸ್ತ್ರಿಯ ಕಸುಬು. ಕೋಣೆ ಎಲ್ಲಿರಬೇಕು, ಬೆಳಕು ಎತ್ತಲಿಂದ ಬರಬೇಕು ಎಂದು ಯೋಚಿಸುವುದು ಆರ್ಕಿಟೆಕ್ಟ್ ಕೆಲಸ. ಕಟ್ಟಿದ್ದು ನಿಲ್ಲುತ್ತದೆಯೇ, ಎಷ್ಟು ಬಾಗುತ್ತದೆ, ಕೆಳಗಿನ ಮಣ್ಣು ಎಷ್ಟು ಕುಸಿಯುತ್ತದೆ, ಮಳೆ ಬಂದಾಗ ನೀರು ಎತ್ತ ಹೋಗುತ್ತದೆ ಎಂದು ಕಟ್ಟುವುದಕ್ಕೂ ಮೊದಲೇ ಲೆಕ್ಕ ಹಾಕಿ ಹೇಳುವುದು ಸಿವಿಲ್ ಎಂಜಿನಿಯರ್ ಕೆಲಸ. ಪದವಿಯ ಬಹುಪಾಲು ಓದು ಈ ಲೆಕ್ಕದ ಸುತ್ತಲೇ ಇರುತ್ತದೆ. ನನ್ನನ್ನು ಕೇಳಿದರೆ ಎರಡೇ ವಸ್ತುಗಳ ಬೆನ್ನು ಹತ್ತುವ ಓದು ಇದು: ಒಂದು ಭಾರ, ಇನ್ನೊಂದು ನೀರು.

ಮೊದಲ ವರ್ಷದಲ್ಲಿ ಸಿವಿಲ್‌ನ ವಾಸನೆಯೂ ಇರುವುದಿಲ್ಲ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಡ್ರಾಯಿಂಗ್, ಸ್ವಲ್ಪ ಪ್ರೋಗ್ರಾಮಿಂಗ್, ಎಲ್ಲ ಶಾಖೆಯವರಿಗೂ ಹೆಚ್ಚುಕಡಿಮೆ ಒಂದೇ. ಅದರ ನಡುವೆ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಎಂಬ ವಿಷಯ ಬರುತ್ತದೆ. ಅದನ್ನು ಪಾಸಾದರೆ ಸಾಕು ಎಂದು ಓದಿದವರು ಮುಂದಿನ ವರ್ಷಗಳಲ್ಲಿ ಒದ್ದಾಡುತ್ತಾರೆ. ಒಂದು ವಸ್ತುವನ್ನು ಸುತ್ತಲಿನ ಎಲ್ಲದರಿಂದ ಬಿಡಿಸಿ, ಅದರ ಮೇಲೆ ಬೀಳುವ ಬಲಗಳನ್ನೆಲ್ಲ ಬಾಣಗಳಾಗಿ ಬರೆಯುವುದು ಇಲ್ಲಿ ಕಲಿಯುವ ವಿದ್ಯೆ. ಇದೇ ಫ್ರೀ ಬಾಡಿ ಡಯಾಗ್ರಾಮ್. ನಾಲ್ಕನೇ ವರ್ಷದ ಸೇತುವೆ ಲೆಕ್ಕವೂ ಇದೇ ಚಿತ್ರದಿಂದ ಶುರುವಾಗುತ್ತದೆ.

ಎರಡನೇ ವರ್ಷದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಬೀಮ್‌ಗಳ, ಅಂದರೆ ಅಡ್ಡತೊಲೆಗಳ, ಕಾಟ ಆರಂಭ. ಬೀಮನ್ನು ಅಡ್ಡಕ್ಕೆ ಕತ್ತರಿಸಲು ನೋಡುವ ಶಿಯರ್ ಫೋರ್ಸ್, ಅದನ್ನು ಬಾಗಿಸಲು ನೋಡುವ ಬೆಂಡಿಂಗ್ ಮೊಮೆಂಟ್, ಇವುಗಳ ಚಿತ್ರಗಳನ್ನು ಬರೆದು ಬರೆದು ಕೈ ಪಳಗಬೇಕು. ಎರಡೂ ತುದಿಯಲ್ಲಿ ಆಸರೆಯಿರುವ, ಉದ್ದಕ್ಕೂ ಸಮನಾಗಿ ಭಾರ ಹೊತ್ತ ಬೀಮ್‌ನ ಉದ್ದವನ್ನು ಎರಡು ಪಟ್ಟು ಮಾಡಿದರೆ, ಬೆಂಡಿಂಗ್ ಮೊಮೆಂಟ್ 4 ಪಟ್ಟಾಗುತ್ತದೆ, ಬಾಗುವಿಕೆ 16 ಪಟ್ಟಾಗುತ್ತದೆ. 'ನಡುವಿನ ಒಂದು ಕಂಬ ತೆಗೆದರೆ ಏನಾಗುತ್ತೆ ಬಿಡಿ' ಎನ್ನುವವರಿಗೆ ಈ ಎರಡು ಅಂಕಿಗಳೇ ಉತ್ತರ.

ಸ್ಲ್ಯಾಬ್ ತನ್ನ ಭಾರವನ್ನು ಬೀಮ್‌ಗೆ, ಬೀಮ್ ಕಾಲಮ್‌ಗೆ (ಕಂಬಕ್ಕೆ), ಕಾಲಮ್ ಫೂಟಿಂಗ್‌ಗೆ (ಅಡಿಪಾಯಕ್ಕೆ), ಫೂಟಿಂಗ್ ಮಣ್ಣಿಗೆ ದಾಟಿಸುತ್ತದೆ. ಇದಕ್ಕೆ ಲೋಡ್ ಪಾತ್ ಎನ್ನುತ್ತಾರೆ. ಕೇಳಲು ಇಷ್ಟೇ, ಆದರೆ ಈ ದಾರಿ ಎಲ್ಲಿಯಾದರೂ ಸದ್ದಿಲ್ಲದೆ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ತರಗತಿಗಳಲ್ಲಿ ಪದೇ ಪದೇ ಬರುವ ಉದಾಹರಣೆ ಅಮೆರಿಕದ ಕ್ಯಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್. ಅಲ್ಲಿ ಒಂದರ ಕೆಳಗೊಂದು ಎರಡು ನಡೆಮಾರ್ಗಗಳನ್ನು ಚಾವಣಿಯಿಂದ ಉಕ್ಕಿನ ಸರಳುಗಳಲ್ಲಿ ತೂಗುಹಾಕಿದ್ದರು. ಮೂಲ ನಕ್ಷೆಯಲ್ಲಿ ಒಂದೇ ಉದ್ದನೆಯ ಸರಳು ಮೇಲಿನದನ್ನು ಹಾದು ಕೆಳಗಿನದರವರೆಗೂ ಇಳಿಯುತ್ತಿತ್ತು. ಜೋಡಿಸಲು ಸುಲಭವಾಗಲೆಂದು ಅದನ್ನು ಎರಡು ತುಂಡು ಮಾಡಿದರು: ಚಾವಣಿಯಿಂದ ಮೇಲಿನ ನಡೆಮಾರ್ಗಕ್ಕೊಂದು, ಅಲ್ಲಿಂದ ಕೆಳಗಿನದಕ್ಕೆ ಇನ್ನೊಂದು. ಹೀಗಾದಾಗ ಕೆಳಗಿನ ನಡೆಮಾರ್ಗ ಮೇಲಿನದಕ್ಕೆ ಜೋತುಬಿದ್ದಂತಾಯಿತು. ಮೇಲಿನ ನಡೆಮಾರ್ಗದ ಬೀಮನ್ನು ಸರಳಿಗೆ ಹಿಡಿದಿದ್ದ, ಅದರಡಿಯ ನಟ್ ಒಂದು ನಡೆಮಾರ್ಗದ ಬದಲು ಎರಡರ ಭಾರ ಹೊರಬೇಕಾಯಿತು. 1981ರ ಜುಲೈನಲ್ಲಿ ಎರಡೂ ಕುಸಿದು 114 ಮಂದಿ ಸತ್ತರು. ಕಾಗದದ ಮೇಲೆ ಅದು ಸಣ್ಣ ತಿದ್ದುಪಡಿ. ಹೊಸ ಚಿತ್ರಕ್ಕೆ ಒಂದು ಫ್ರೀ ಬಾಡಿ ಡಯಾಗ್ರಾಮ್ ಬರೆದಿದ್ದರೆ ಸಾಕಿತ್ತು, ಭಾರ ಇಮ್ಮಡಿಯಾದದ್ದು ಕಣ್ಣಿಗೆ ಕಾಣುತ್ತಿತ್ತು.

ಇನ್ನು ಕಾಂಕ್ರೀಟ್. ಒತ್ತಿದರೆ ಗಟ್ಟಿ, ಎಳೆದರೆ ಬಿರುಕು. ಎಳೆತ ತಡೆಯುವ ಶಕ್ತಿ ಒತ್ತಡ ತಡೆಯುವ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ. ಆದ್ದರಿಂದ ಎಳೆತ ಬರುವ ಕಡೆ ಉಕ್ಕಿನ ಕಂಬಿ ಹಾಕುತ್ತಾರೆ. ಬಿಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಈ ಜೋಡಿ ಹೊಂದಿಕೊಂಡಿದೆ. ಕಂಬಿ ಹಾಕಬೇಕು ಎನ್ನುವುದು ಎಲ್ಲರಿಗೂ ಗೊತ್ತು, ಎಲ್ಲಿ ಹಾಕಬೇಕು ಎನ್ನುವುದರಲ್ಲಿ ಓದಿನ ಬೆಲೆ ತಿಳಿಯುತ್ತದೆ. ಎರಡು ಗೋಡೆಗಳ ಮೇಲೆ ಕೂತ ಸ್ಲ್ಯಾಬ್ ನಡುವೆ ಕೆಳಕ್ಕೆ ಬಾಗುತ್ತದೆ, ಎಳೆತ ಅಡಿಯಲ್ಲಿ ಬರುತ್ತದೆ, ಮುಖ್ಯ ಕಂಬಿಯೂ ಅಡಿಯಲ್ಲೇ ಇರಬೇಕು. ಬಾಲ್ಕನಿಯಂತೆ ಒಂದೇ ಕಡೆ ಹಿಡಿತವಿರುವ ಕ್ಯಾಂಟಿಲಿವರ್‌ನಲ್ಲಿ ಇದು ತಲೆಕೆಳಗು. ತುದಿ ಜಗ್ಗುವುದರಿಂದ ಎಳೆತ ಮೇಲ್ಭಾಗದಲ್ಲಿ, ಕಂಬಿಯೂ ಮೇಲೆ. ನಕ್ಷೆಯಲ್ಲಿ ಸರಿಯಾಗಿದ್ದರೂ, ಕಾಂಕ್ರೀಟ್ ಸುರಿಯುವಾಗ ಕೆಲಸಗಾರರು ಆ ಮೇಲಿನ ಕಂಬಿಗಳನ್ನು ತುಳಿದು ಓಡಾಡಿದರೆ ಅವು ಕೆಳಗೆ ಕೂರುತ್ತವೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗದು. ಅದಕ್ಕೇ ಕಂಬಿ ಎತ್ತಿ ಹಿಡಿಯುವ ಚೇರ್‌ಗಳು ಜಾಗದಲ್ಲಿವೆಯೇ ಎಂದು ಕಾಂಕ್ರೀಟ್ ಬೀಳುವ ಮೊದಲು ಬಗ್ಗಿ ನೋಡುವುದು ಸೈಟ್ ಎಂಜಿನಿಯರ್‌ನ ಪಾಠ.

ನನಗೆ ಎಲ್ಲಕ್ಕಿಂತ ರೋಚಕ ಅನ್ನಿಸುವುದು ಮಣ್ಣು. ಉಕ್ಕನ್ನು ಇಷ್ಟೇ ಶಕ್ತಿ ಬೇಕೆಂದು ಹೇಳಿ ತರಿಸಬಹುದು. ಮಣ್ಣು ಎಲ್ಲಿ ಹೇಗಿದೆಯೋ ಹಾಗೆಯೇ ಒಪ್ಪಿಕೊಳ್ಳಬೇಕು. 1925ರಲ್ಲಿ ಎಂಜಿನಿಯರ್ ಕಾರ್ಲ್ ಟೆರ್ಝಾಗಿ ಬರೆದ ಪುಸ್ತಕದಿಂದ ಸಾಯಿಲ್ ಮೆಕ್ಯಾನಿಕ್ಸ್ ಪ್ರತ್ಯೇಕ ಶಾಸ್ತ್ರವಾಗಿ ನಿಂತಿತು. ಅದರ ತಿರುಳಿನಲ್ಲಿ ಮತ್ತೆ ನೀರೇ ಇದೆ: ಒದ್ದೆ ಜೇಡಿಮಣ್ಣಿನ ಮೇಲೆ ಭಾರ ಬಿದ್ದಾಗ ಮೊದಲು ಅದನ್ನು ಹೊರುವುದು ಕಣಗಳ ನಡುವಿನ ನೀರು. ಆ ನೀರು ನಿಧಾನವಾಗಿ, ವರ್ಷಗಟ್ಟಲೆ ಜಿನುಗಿ ಹೊರಹೋದಂತೆ ಮಣ್ಣು ಬಿಗಿಯಾಗುತ್ತದೆ, ಕಟ್ಟಡ ಕೆಳಗಿಳಿಯುತ್ತದೆ. ಇಟಲಿಯ ಪೀಸಾದ ವಾಲುಗೋಪುರದ ಕೆಲಸ 1173ರಲ್ಲಿ ಶುರುವಾಗಿ, ಮೂರನೇ ಅಂತಸ್ತಿನ ಹೊತ್ತಿಗೆ ನಿಂತು, 1272ರಲ್ಲಿ ಮುಂದುವರಿಯಿತು. ಆ ವಿರಾಮದಲ್ಲಿ ಅಡಿಯ ಜೇಡಿಮಣ್ಣು ಬಿಗಿಯಾಗಲು ಸಮಯ ಸಿಕ್ಕಿತು. ಒಂದೇ ಸಮನೆ ಕಟ್ಟಿದ್ದರೆ ಅದು ಆಗಲೇ ಉರುಳುತ್ತಿತ್ತು ಎಂಬುದು ಮಣ್ಣಿನ ತಜ್ಞರ ಲೆಕ್ಕ. ಎಷ್ಟೋ ಕಾಲದ ಮೇಲೆ, 1990ರ ದಶಕದ ಕೊನೆಯಲ್ಲಿ, ದಕ್ಷಿಣಕ್ಕೆ ವಾಲಿದ ಅದನ್ನು ಉಳಿಸಲು ಉತ್ತರದ ಕಡೆಯಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದರು. ಗೋಪುರ ಸುಮಾರು ಅರ್ಧ ಡಿಗ್ರಿ ಹಿಂದಕ್ಕೆ ಬಂತು.

ನೀರಿನ ಕಡೆಗೆ ಫ್ಲೂಯಿಡ್ ಮೆಕ್ಯಾನಿಕ್ಸ್, ಹೈಡ್ರಾಲಜಿ, ನೀರಾವರಿ. ಪೈಪು, ಕಾಲುವೆ, ಅಣೆಕಟ್ಟು ಎಲ್ಲ ಇಲ್ಲಿ ಬರುತ್ತವೆ. ಜೊತೆಗೆ ಸಂಭವನೀಯತೆಯೂ. '100 ವರ್ಷದ ಪ್ರವಾಹ' ಎಂದರೆ ನೂರು ವರ್ಷಕ್ಕೊಮ್ಮೆ ಬರುವುದು ಎಂದು ಜನ ತಿಳಿಯುತ್ತಾರೆ, ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಅದರ ಅರ್ಥ, ಯಾವುದೇ ವರ್ಷದಲ್ಲಿ ಅಂಥ ಅಥವಾ ಅದಕ್ಕಿಂತ ದೊಡ್ಡ ಪ್ರವಾಹ ಬರುವ ಸಾಧ್ಯತೆ ಶೇ. 1. ಆ ಲೆಕ್ಕದಲ್ಲಿ 30 ವರ್ಷದೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26. ಕಳೆದ ವರ್ಷ ಬಂದಿತ್ತು, ಈ ವರ್ಷ ಬರಲ್ಲ ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸರ್ವೇಯಿಂಗ್‌ನಲ್ಲಿ ಬಿಸಿಲಲ್ಲಿ ನಿಂತು ಎತ್ತರ ಅಳೆಯುವ ಲೆವೆಲ್, ದೂರ ಮತ್ತು ಕೋನ ಅಳೆಯುವ ಟೋಟಲ್ ಸ್ಟೇಷನ್ ಹಿಡಿಯಬೇಕು; ಹೊರಟ ಬಿಂದುವಿಗೇ ಮರಳಿದಾಗ ಲೆಕ್ಕ ಕೂಡದಿದ್ದರೆ ಮತ್ತೆ ಮೊದಲಿಂದ. ಸಾರಿಗೆ ವಿಷಯದಲ್ಲಿ ರಸ್ತೆಯ ತಿರುವು, ಇಳಿಜಾರು, ಪದರಗಳು. ಪರಿಸರ ವಿಷಯದಲ್ಲಿ ಕುಡಿಯುವ ನೀರು ಮತ್ತು ಕೊಳಚೆಯ ಶುದ್ಧೀಕರಣ. ಎಸ್ಟಿಮೇಶನ್‌ನಲ್ಲಿ ಜಲ್ಲಿ, ಸಿಮೆಂಟ್, ಕೂಲಿಯ ಲೆಕ್ಕ. ಬೇಸರದ ವಿಷಯ ಅನ್ನಿಸಿದರೂ ಕೆಲಸಕ್ಕೆ ಸೇರಿದ ಮೊದಲ ವಾರವೇ ಬೇಕಾಗುವುದು ಇದೇ.

ಕೊನೆಯ ವರ್ಷ ಐಚ್ಛಿಕ ವಿಷಯಗಳು ಮತ್ತು ಪ್ರಾಜೆಕ್ಟ್. ವಿನ್ಯಾಸದ ಸಾಫ್ಟ್‌ವೇರ್‌ಗಳ ಪರಿಚಯವೂ ಆಗುತ್ತದೆ. ಬೀಮ್‌ಗೆ ಆಸರೆ ಎಲ್ಲಿ, ಹೇಗಿದೆ ಎನ್ನುವುದನ್ನು ತಪ್ಪಾಗಿ ಕೊಟ್ಟರೂ ಅವು ನಾಲ್ಕು ದಶಾಂಶಗಳ ಅಚ್ಚುಕಟ್ಟಾದ ಉತ್ತರ ಕೊಡುತ್ತವೆ, ಹಾಗಾಗಿ ಕೈಲೆಕ್ಕದ ಅಂದಾಜು ಬಾರದವರ ಕೈಗೆ ಅವು ಅಪಾಯಕಾರಿ. ಪದವಿ ಸಿಕ್ಕಿತೆಂದು ಎಲ್ಲೆಡೆಯೂ ನಕ್ಷೆಗೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ. ಅನೇಕ ದೇಶಗಳಲ್ಲಿ ಅದಕ್ಕೆ ಕೆಲವು ವರ್ಷ ಅನುಭವಿಗಳ ಕೈಕೆಳಗೆ ದುಡಿದು, ಬೇರೆಯದೇ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು.